ಒಂದು ಕೀಲಿಮಣೆ, ಹಲವು ಗಣಕಯಂತ್ರಗಳು: ಒಂದು ತಂತ್ರಾಂಶದ ಕರ್ತೃವಿಚಾರವೂ ಪಾಠಪರಂಪರೆಯೂ

ಒಂದೇ ಮೇಜಿನ ಮೇಲೆ ಎರಡು ಮೂರು ಗಣಕಯಂತ್ರಗಳನ್ನಿಟ್ಟುಕೊಂಡು, ಒಂದೇ ಕೀಲಿಮಣೆಯಿಂದಲೂ ಒಂದೇ ಮೌಸಿನಿಂದಲೂ ಅವೆಲ್ಲವನ್ನೂ ನಡೆಯಿಸುವ ಏರ್ಪಾಡು ಈಗ ಬಹುಮಂದಿಗೆ ಪರಿಚಿತವಾಗಿರುವುದು. ಆಪಲ್ ಸಂಸ್ಥೆಯವರು ೨೦೨೨ನೆಯ ಇಸವಿ ಮಾರ್ಚಿ ತಿಂಗಳಲ್ಲಿ ‘ಯೂನಿವರ್ಸಲ್ ಕಂಟ್ರೋಲ್’ ಎಂಬ ಹೆಸರಿನಿಂದ ಇದನ್ನು ತಮ್ಮ ಯಂತ್ರಗಳಿಗೆ ಸೇರಿಸಿದುದರಿಂದ, ಇದು ಅವರದೇ ಅಪೂರ್ವಸೃಷ್ಟಿಯೆಂದು ಭಾವಿಸುವವರುಂಟು. ಇದಕ್ಕಿಂತ ಸ್ವಲ್ಪ ಹೆಚ್ಚು ಬಲ್ಲವರು ೨೦೦೧ನೆಯ ಇಸವಿಯಲ್ಲಿ ಹೊರಬಂದ ‘ಸಿನರ್ಜಿ’ಯನ್ನೇ ಆದಿಯೆಂದು ಎಣಿಸಿ, ಕ್ರಿಸ್ ಶೋನೆಮನ್ ಎಂಬವರನ್ನು ಇದರ ಆದಿಕರ್ತೃವೆಂದು ಹೇಳುತ್ತಾರೆ. ಈ ಎರಡು ಅಭಿಪ್ರಾಯಗಳೂ ವಿಚಾರಕ್ಕೆ ನಿಲ್ಲತಕ್ಕುವಲ್ಲ. ಮೊದಲು ಬರೆದವರು ಯಾರು, ಅವರ ಕೃತಿ ಏನಾಯಿತು, ಅದರ ಸಂತತಿ ಯಾವ ಮಾರ್ಗವಾಗಿ ಉಳಿದು ಬಂದಿತು ಎಂಬುದನ್ನು ನಿರ್ಣಯಿಸುವುದೇ ಪ್ರಕೃತ ಲೇಖನದ ಉದ್ದೇಶ. ಓಲೆಯ ಪ್ರತಿಗಳ ಶಾಖೆಗಳನ್ನು ವಿಂಗಡಿಸಿ ಪಾಠವನ್ನು ನಿರ್ಣಯಿಸುವ ಅಭ್ಯಾಸವುಳ್ಳ ವಾಚಕರಿಗೆ ಈ ವಿಷಯವು ಅಷ್ಟು ದೂರದ್ದಾಗಿ ತೋರಲಾರದು. ತಂತ್ರಾಂಶವೂ ಮನುಷ್ಯರು ಬರೆದ ಒಂದು ಬರೆಹವೇ ಸರಿ, ಅದಕ್ಕೂ ಕರ್ತೃವುಂಟು, ಪ್ರತಿಕಾರರುಂಟು, ಪಾಠಭೇದವುಂಟು, ಲೋಪವೂ ಉಂಟು.

ಮೊದಲು ಲಕ್ಷಣವನ್ನು ಹೇಳತಕ್ಕದ್ದು. ಏಕೆಂದರೆ ಒಂದನ್ನೊಂದು ಹೋಲುವ ಮೂರು ಏರ್ಪಾಡುಗಳನ್ನು ಜನರು ಬೆರಸಿ ಮಾತಾಡುವುದು ಸಾಮಾನ್ಯವಾಗಿದೆ. ಎರಡು ಯಂತ್ರಗಳ ತಂತಿಗಳನ್ನೂ ಒಂದು ಪೆಟ್ಟಿಗೆಗೆ ಸೇರಿಸಿ, ಗುಂಡಿಯನ್ನೊತ್ತಿದಾಗ ಕೀಲಿಮಣೆ, ತೆರೆ, ಮೌಸು ಮೂರನ್ನೂ ಒಂದರಿಂದ ಇನ್ನೊಂದಕ್ಕೆ ತಿರುಗಿಸುವುದು ಒಂದು ವಿಧ. ದೂರದ ಯಂತ್ರದ ತೆರೆಯ ಚಿತ್ರವನ್ನೇ ಜಾಲದ ಮೂಲಕ ತರಿಸಿಕೊಂಡು ತನ್ನ ತೆರೆಯ ಮೇಲೆ ನೋಡುತ್ತ ಅದನ್ನು ನಡೆಯಿಸುವುದು ಎರಡನೆಯ ವಿಧ. ಕೇಂಬ್ರಿಜಿನ ಆಲಿವೆಟ್ಟಿ ಸಂಶೋಧನಾಲಯದಲ್ಲಿ ಹುಟ್ಟಿ ೧೯೯೮ರಲ್ಲಿ ಲೋಕಕ್ಕೆ ದೊರೆತ ವಿ.ಎನ್.ಸಿ. ಎಂಬುದು ಈ ಜಾತಿಯದು. ಪ್ರಕೃತ ವಿಷಯವು ಮೂರನೆಯದು. ಇಲ್ಲಿ ಪ್ರತಿಯೊಂದು ಯಂತ್ರಕ್ಕೂ ತನ್ನ ತೆರೆ ತನಗೇ ಇರುತ್ತದೆ. ಮೌಸಿನ ಸೂಚಕವು ಒಂದು ತೆರೆಯ ಅಂಚನ್ನು ಮುಟ್ಟಿದೊಡನೆಯೇ ಪಕ್ಕದ ತೆರೆಯೊಳಗೆ ಕಾಣಿಸಿಕೊಳ್ಳುತ್ತದೆ. ಅಂದಿನಿಂದ ಒತ್ತಿದ ಕೀಲಿಗಳೆಲ್ಲವೂ ಆ ಯಂತ್ರಕ್ಕೇ ಸಲ್ಲುತ್ತವೆ. ಮೊದಲನೆಯದರಲ್ಲಿ ತಂತಿಯನ್ನು ಬದಲಿಸುತ್ತಾರೆ, ಎರಡನೆಯದರಲ್ಲಿ ಚಿತ್ರವನ್ನು ತರುತ್ತಾರೆ, ಮೂರನೆಯದರಲ್ಲಿ ಕೈಯನ್ನು ಕಳುಹಿಸುತ್ತಾರೆ.

ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ದೇಹಲೀದೀಪನ್ಯಾಯವಲ್ಲ. ಹೊಸ್ತಿಲ ಮೇಲಣ ದೀಪವು ಒಳಗೂ ಹೊರಗೂ ಏಕಕಾಲದಲ್ಲಿ ಬೆಳಗುವುದು. ಇಲ್ಲಿ ಸೂಚಕವು ಒಂದು ಕ್ಷಣದಲ್ಲಿ ಒಂದೇ ಕಡೆಯಲ್ಲಿರುವುದು. ಕಾಗೆಯ ಒಂದೇ ಗುಡ್ಡೆಯು ಬೇಕಾದಾಗ ಬೇಕಾದ ಕಣ್ಣಿಗೆ ಹೋಗುವುದೆಂಬಂತೆ ಬೇಕಾದ ಯಂತ್ರಕ್ಕೆ ಹೋಗುವುದು. ಆದುದರಿಂದ ಕಾಕಾಕ್ಷಿಗೋಲಕನ್ಯಾಯವೇ ಇದಕ್ಕೆ ಹೊಂದುವುದು.

ಇನ್ನು ಪೂರ್ವೇತಿಹಾಸ. ೧೯೬೮ನೆಯ ಇಸವಿ ಡಿಸೆಂಬರ್ ೯ರಂದು ಡಗ್ಲಸ್ ಎಂಗಲ್‌ಬಾರ್ಟ್ ಎಂಬವರು ಸಾನ್‌ಫ್ರಾನ್ಸಿಸ್ಕೋ ನಗರದ ಒಂದು ಸಮ್ಮೇಳನದಲ್ಲಿ ಮೌಸನ್ನು ಲೋಕಕ್ಕೆ ತೋರಿಸಿದರು. ಆ ದಿನ ಮೆನ್ಲೋಪಾರ್ಕಿನಲ್ಲಿ ಕುಳಿತಿದ್ದ ಅವರ ಸಹೋದ್ಯೋಗಿಯೂ ಅವರೂ ಒಂದೇ ತೆರೆಯ ಮೇಲೆ ತಂತಮ್ಮ ಸೂಚಕಗಳನ್ನಾಡಿಸಿದುದು ಪ್ರಸಿದ್ಧವಾಗಿದೆ. ಅದು ಇಬ್ಬರ ಕೈ ಒಂದು ಯಂತ್ರದ ಮೇಲೆ. ಪ್ರಕೃತದ್ದು ಒಬ್ಬನ ಕೈ ಹಲವು ಯಂತ್ರಗಳ ಮೇಲೆ. ಆಗ ಯಂತ್ರಗಳು ಅಪರೂಪವಾಗಿ ಮನುಷ್ಯರು ಹೆಚ್ಚಾಗಿದ್ದುದರಿಂದ ಈ ಎರಡನೆಯ ಪ್ರಶ್ನೆ ಹುಟ್ಟುವುದಕ್ಕೆ ಅವಕಾಶವೇ ಇರಲಿಲ್ಲ. ಒಬ್ಬನ ಮೇಜಿನ ಮೇಲೆ ಒಂದಕ್ಕಿಂತ ಹೆಚ್ಚು ಯಂತ್ರಗಳು ಕುಳಿತ ಮೇಲೆಯೇ ಕೀಲಿಮಣೆಗಳ ನೂಕುನುಗ್ಗಲು ಒಂದು ಕಷ್ಟವಾಯಿತು.

ಬೀಜವಾದರೋ ಅದಕ್ಕೂ ಮೊದಲೇ ಬಿದ್ದಿತ್ತು. ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ೧೯೮೪ರಲ್ಲಿ ರಾಬರ್ಟ್ ಶೈಫ್ಲರ್, ಜಿಮ್ ಗೆಟ್ಟಿಸ್ ಎಂಬವರು ಆರಂಭಿಸಿ, ೧೯೮೭ರಲ್ಲಿ ಹನ್ನೊಂದನೆಯ ಪರಿಷ್ಕರಣವನ್ನು ಪಡೆದ ‘ಎಕ್ಸ್’ ಎಂಬ ವ್ಯವಸ್ಥೆಯು ತೆರೆ, ಕೀಲಿಮಣೆ, ಮೌಸುಗಳನ್ನು ಒಂದು ಪಕ್ಷವಾಗಿಯೂ, ಅವುಗಳನ್ನು ಬಳಸುವ ಕಾರ್ಯಕ್ರಮವನ್ನು ಇನ್ನೊಂದು ಪಕ್ಷವಾಗಿಯೂ ಬೇರ್ಪಡಿಸಿತು. ಕಾರ್ಯಕ್ರಮವು ಓಡುವ ಯಂತ್ರ ಒಂದಾಗಿ, ಅದು ಕಾಣಿಸುವ ತೆರೆ ಇನ್ನೊಂದು ಯಂತ್ರದ್ದಾಗಬಹುದಾಯಿತು. ಮುಂದೆ ಇದಕ್ಕೆ ಸೇರಿದ ಒಂದು ಉಪಾಂಗದ ಬಲದಿಂದ, ಯಾರೂ ಮುಟ್ಟದೆಯೇ ಕೀಲಿಯನ್ನೊತ್ತಿದಂತೆ ಯಂತ್ರವನ್ನು ನಂಬಿಸುವುದೂ ಸಾಧ್ಯವಾಯಿತು. ತಂತ್ರಾಂಶಗಳನ್ನು ಪರೀಕ್ಷಿಸುವುದಕ್ಕಾಗಿಯೇ ಆ ಉಪಾಂಗವನ್ನು ಕಲ್ಪಿಸಿದ್ದರು; ಅದನ್ನು ಬೇರೆ ಕೆಲಸಕ್ಕೆ ಹಚ್ಚಿದವರು ಮುಂದಿನವರು.

ಈಗ ಕರ್ತೃವಿಚಾರ. ಶೋನೆಮನ್ ಹೊರಡಿಸಿದ ಸಿನರ್ಜಿಯೊಡನೆಯೇ ಒಂದು ಇತಿಹಾಸಪತ್ರವು ಬಂದಿರುತ್ತದೆ. ಅದರಿಂದ ತಿಳಿಯುವುದೇನೆಂದರೆ: ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಅಂಗಸಂಸ್ಥೆಯಾದ ಕಾಸ್ಮೊ ಸಾಫ್ಟ್‌ವೇರ್ ಎಂಬಲ್ಲಿ ಬಹುಮಂದಿ ಯಂತ್ರಜ್ಞರ ಮೇಜಿನ ಮೇಲೆ ‘ಐರಿಕ್ಸ್’ ವ್ಯವಸ್ಥೆಯ ಯಂತ್ರವೊಂದು, ‘ವಿಂಡೋಸ್’ ವ್ಯವಸ್ಥೆಯ ಯಂತ್ರವೊಂದು, ಹೀಗೆ ಎರಡೆರಡು ಇದ್ದುವು. ತಂತಿ ಬದಲಿಸುವ ಪೆಟ್ಟಿಗೆಗಳಿಗೆ ಬೆಲೆ ಹೆಚ್ಚು, ಕಿರುಕುಳವೂ ಹೆಚ್ಚು. ಈ ಕಷ್ಟವನ್ನು ಕಳೆದುಕೊಳ್ಳುವುದಕ್ಕಾಗಿ ೧೯೯೬ನೆಯ ಇಸವಿಯ ಕೊನೆಯಲ್ಲಿ ರಿಚರ್ಡ್ ಲೀ, ಆಡಂ ಫೆಡರ್ ಎಂಬಿಬ್ಬರು ‘ಕಾಸ್ಮೊಸಿನರ್ಜಿ’ಯನ್ನು ಬರೆದರು, ಶೋನೆಮನ್ ಅದಕ್ಕೆ ನೆರವಾದರು. ಒಳಗಿನವರಲ್ಲಿ ಅದು ಬಹಳ ಜನಪ್ರಿಯವಾಯಿತು. ಆದರೆ ಸಂಸ್ಥೆಯವರು ಅದನ್ನು ಮಾರಾಟದ ಸರಕನ್ನಾಗಿ ಮಾಡಲೊಪ್ಪಲಿಲ್ಲ. ಸ್ವಲ್ಪ ಕಾಲದ ಮೇಲೆ ಸಂಸ್ಥೆಯೇ ಮುಚ್ಚಿಹೋಯಿತು.

ಇಷ್ಟು ಸ್ಪಷ್ಟವಾಗಿರಲಾಗಿ ಆದಿಕರ್ತೃತ್ವವು ಶೋನೆಮನ್ನರಿಗೆ ಅಂಟಿಕೊಂಡುದು ಹೇಗೆ? ಇದಕ್ಕೆ ಒಂದು ಅನ್ವಯದೋಷವೇ ಕಾರಣವೆಂದು ತೋರುತ್ತದೆ. ೨೦೧೮ರಲ್ಲಿ ಸಿನರ್ಜಿಯಿಂದ ಒಡೆದ ‘ಬ್ಯಾರಿಯರ್’ ಎಂಬ ಶಾಖೆಯ ಪೀಠಿಕೆಯಲ್ಲಿ (ಈ ಶಾಖೆಯ ಸಂಗತಿ ಮುಂದೆ ಬರುವುದು) ಸಿನರ್ಜಿಯು ಮೂಲ ಕಾಸ್ಮೊಸಿನರ್ಜಿಯ ಪುನಾರಚನೆಯೆಂದು ಹೇಳಿ, ಶೋನೆಮನ್ನರಿಂದ ರಚಿತವಾದುದೆಂಬ ವಿಶೇಷಣವನ್ನು ವಾಕ್ಯದ ತುದಿಯಲ್ಲಿಟ್ಟಿದ್ದಾರೆ. ಆ ವಿಶೇಷಣವು ದೂರದ ಪುನಾರಚನೆಗೂ ಸಲ್ಲಬಹುದು, ಸಮೀಪದ ಕಾಸ್ಮೊಸಿನರ್ಜಿಗೂ ಸಲ್ಲಬಹುದು. ಇಂಗ್ಲಿಷ್ ವಾಕ್ಯದಲ್ಲಿ ಸನ್ನಿಧಿಯ ಬಲವು ಹೆಚ್ಚಾದುದರಿಂದ ಓದುವವರು ಎರಡನೆಯದನ್ನೇ ಹಿಡಿಯುವುದು ಸಹಜ. ಹೀಗೆ ಹಿಡಿದರೆ ಇಬ್ಬರು ಕರ್ತೃಗಳ ಹೆಸರು ಮಾಯವಾಗಿ ಸಹಾಯಕನೇ ಕರ್ತೃವಾಗುತ್ತಾನೆ. ವಾಕ್ಯವನ್ನು ಬರೆದವರಿಗೆ ವಂಚಿಸುವ ಉದ್ದೇಶವಿತ್ತೆಂದು ಯಾರೂ ಹೇಳಲಾರರು. ಆದರೆ ಶೋನೆಮನ್ನರ ಕೃತಿಯೊಡನೆ ಬಂದ ಪತ್ರವೇ ಲೀ, ಫೆಡರ್ ಇವರ ಹೆಸರನ್ನು ಮೊದಲಿಟ್ಟಿರುವಾಗ, ಹಿಂದಿನ ಪ್ರಮಾಣವನ್ನು ಬಿಟ್ಟು ಇಪ್ಪತ್ತೆರಡು ವರ್ಷಗಳ ಮೇಲಣ ಒಂದು ಪೀಠಿಕಾವಾಕ್ಯವನ್ನು ನೆಚ್ಚುವುದು ನ್ಯಾಯವಲ್ಲ.

ಪೌರ್ವಾಪರ್ಯದ ಇನ್ನೊಂದು ಪ್ರಶ್ನೆಯೂ ಇದೆ. ಅದೇ ಕಾಲದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಮತ್ತೊಂದು ಸಂಸ್ಥೆಯಲ್ಲಿ ‘ಎಕ್ಸ್-ಟು-ಎಕ್ಸ್’ ಎಂಬ ಚಿಕ್ಕ ತಂತ್ರಾಂಶವು ಹುಟ್ಟಿತು. ಅದರ ಕರ್ತೃಗಳಲ್ಲಿ ಡೇವಿಡ್ ಚೈಕನ್ ಮುಖ್ಯರು. ಅದರ ಮೇಲಣ ಹಕ್ಕಿನ ವರ್ಷ ೧೯೯೭. ಅದು ತೆರೆಯ ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ಒಂದು ಸಣ್ಣ ಪಟ್ಟಿಯನ್ನಿಟ್ಟುಕೊಂಡು ಕಾಯುತ್ತಿದ್ದು, ಸೂಚಕವು ಅದನ್ನು ಸೋಂಕಿದಾಗ ಅದರ ಚಲನೆಯನ್ನು ಇನ್ನೊಂದು ಎಕ್ಸ್ ತೆರೆಗೆ ಒಪ್ಪಿಸುತ್ತದೆ. ಇದರ ವ್ಯಾಪ್ತಿ ಕಿರಿದು. ಎರಡು ಪಕ್ಕದಲ್ಲಿಯೂ ಎಕ್ಸ್ ವ್ಯವಸ್ಥೆಯೇ ಇರಬೇಕು. ಕಾಸ್ಮೊಸಿನರ್ಜಿಯಾದರೋ ಭಿನ್ನಜಾತಿಯ ಎರಡು ವ್ಯವಸ್ಥೆಗಳ ನಡುವೆ ಕೈಯನ್ನು ದಾಟಿಸಿತು; ಆ ದೃಷ್ಟಿಯಿಂದ ಅದೇ ಹಿರಿದು. ಇವೆರಡರಲ್ಲಿ ಒಂದನ್ನೊಂದು ಆಧರಿಸಿತೆಂದು ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಒಂದೇ ಕಷ್ಟವು ಎರಡು ಮನೆಗಳಲ್ಲಿ ತಲೆದೋರಿ ಎರಡು ಮನೆಗಳಲ್ಲಿಯೂ ಒಂದೇ ಬಗೆಯ ಉಪಾಯವನ್ನು ಹುಟ್ಟಿಸಿತೆಂದು ತಿಳಿಯುವುದೇ ಯುಕ್ತ.

ಆದರೆ ಈ ಎರಡು ಕೃತಿಗಳ ಮುಂದಿನ ಗತಿಯನ್ನು ನೋಡಿದರೆ ಇತಿಹಾಸಕಾರನಿಗೆ ಬೇಕಾದ ಮುಖ್ಯಾಂಶವು ಸಿಕ್ಕುತ್ತದೆ. ಕಾಸ್ಮೊ ಸಂಸ್ಥೆ ಮುಚ್ಚಿತು. ಡಿಜಿಟಲ್ ಸಂಸ್ಥೆಯನ್ನೂ ೧೯೯೮ರಲ್ಲಿ ಕಾಂಪ್ಯಾಕ್ ಕಂಪನಿಯವರು ಕೊಂಡುಕೊಂಡರು; ಆ ಹೆಸರೂ ಅಳಿಯಿತು. ಮನೆಗಳೆರಡೂ ಬಿದ್ದುವು. ಎಕ್ಸ್-ಟು-ಎಕ್ಸ್ ಇಂದಿಗೂ ಉಳಿದಿದೆ. ಡೆಬಿಯನ್ ಮುಂತಾದ ಸಂಗ್ರಹಗಳಲ್ಲಿ ಯಾರು ಬೇಕಾದರೂ ಅದನ್ನು ಪಡೆಯಬಹುದು. ಅಷ್ಟೇ ಅಲ್ಲ, ಫ್ರೆಡ್ರಿಕ್ ಹ್ಯುಬಿನೆಟ್ ಎಂಬವರು ಅದನ್ನೂ ವಿ.ಎನ್.ಸಿ.ಯನ್ನೂ ಕೂಡಿಸಿ ‘ಎಕ್ಸ್-ಟು-ವಿಎನ್‌ಸಿ’ಯನ್ನು ರಚಿಸಿದುದರಿಂದ ಅದಕ್ಕೆ ಸಂತಾನವೂ ಆಯಿತು. ಕಾಸ್ಮೊಸಿನರ್ಜಿಯಾದರೆ ಹೆಸರಾಗಿ ಮಾತ್ರ ಉಳಿದಿದೆ. ಗುಣದಲ್ಲಿ ಹಿರಿದಾದುದು ಅಳಿದು ಕಿರಿದಾದುದು ಉಳಿದುದಕ್ಕೆ ಕಾರಣವೇನು? ಡಿಜಿಟಲ್ ಸಂಸ್ಥೆಯವರು ತಮ್ಮ ಬರೆಹದ ಮೂಲವನ್ನೇ, ನಕಲುಮಾಡಲೂ ತಿದ್ದಲೂ ಹಂಚಲೂ ಅನುಮತಿಯೊಡನೆ ಹೊರಗೆ ಬಿಟ್ಟಿದ್ದರು. ಕಾಸ್ಮೊದ ಬರೆಹವು ಮನೆಯ ಪೆಟ್ಟಿಗೆಯಲ್ಲಿಯೇ ಇದ್ದು ಮನೆಯೊಡನೆ ಹೋಯಿತು. ಕನ್ನಡದಲ್ಲಿ ಉತ್ತರಕಾಲದ ಗ್ರಂಥಗಳಲ್ಲಿ ಹೆಸರು ಮಾತ್ರ ಕಾಣುವ ಕಾವ್ಯಗಳು ಎಷ್ಟು ಉಂಟೆಂಬುದನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಹೀಗೆ ಲುಪ್ತವಾದ ಕೃತಿಯನ್ನು ಶೋನೆಮನ್ ಮೊದಲಿನಿಂದ ಹೊಸದಾಗಿ ಬರೆದರು. ೨೦೦೧ನೆಯ ಇಸವಿಯಲ್ಲಿ ಹೊರಬಂದ ಸಿನರ್ಜಿಯು ಇದೇ. ಹಳೆಯ ಬರೆಹದ ಒಂದು ಪಂಕ್ತಿಯೂ ಇದರಲ್ಲಿಲ್ಲದುದರಿಂದ ಇದನ್ನು ಪ್ರತಿಯೆನ್ನಲಾಗದು. ಕಥಾವಸ್ತುವೊಂದೇ ಆಗಿ ಗ್ರಂಥ ಬೇರೆಯಾದಂತೆ. ಆದುದರಿಂದ ಸಿನರ್ಜಿಯ ಕರ್ತೃತ್ವವು ನಿಸ್ಸಂಶಯವಾಗಿ ಶೋನೆಮನ್ನರದು, ಕಲ್ಪನೆಯ ಆದಿತ್ವವು ಲೀ, ಫೆಡರ್ ಇವರದು ಎಂದು ವಿಭಾಗಿಸಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಅವರು ಈ ಸಲ ಬರೆಹವನ್ನು ‘ಗ್ನೂ ಸಾರ್ವಜನಿಕ ಪರವಾನಗಿ’ಯ ಕೆಳಗೆ ಹೊರಡಿಸಿದರು. ೧೯೯೧ರಲ್ಲಿ ಎರಡನೆಯ ರೂಪವನ್ನು ಪಡೆದ ಆ ಪರವಾನಗಿಯ ಕಟ್ಟಳೆಯೆಂದರೆ: ಯಾರು ಬೇಕಾದರೂ ಮೂಲವನ್ನು ಓದಬಹುದು, ತಿದ್ದಬಹುದು, ಹಂಚಬಹುದು, ಮಾರಲೂಬಹುದು, ಆದರೆ ತಿದ್ದಿ ಹಂಚಿದವನು ತನ್ನ ತಿದ್ದುಪಡಿಯ ಮೂಲವನ್ನೂ ಅದೇ ಷರತ್ತಿನ ಮೇಲೆ ಪಡೆದವರಿಗೆ ಕೊಡಬೇಕು.

ಈ ಕೃತಿಯ ಒಳಗಣ ಕ್ರಮವನ್ನು ಸ್ವಲ್ಪ ನೋಡುವುದು ಅವಶ್ಯಕ. ಕೀಲಿಮಣೆಯೂ ಮೌಸೂ ಯಾವ ಯಂತ್ರಕ್ಕೆ ಸೇರಿರುವುವೋ ಅದನ್ನು ‘ಸರ್ವರ್’ ಎನ್ನುತ್ತಾರೆ, ಉಳಿದುವು ‘ಕ್ಲೈಂಟ್’ಗಳು. ಆಳುವ ಯಂತ್ರಕ್ಕೆ ಸೇವಕನೆಂಬ ಹೆಸರು ಬಂದುದು ವಿಚಿತ್ರವಾಗಿ ಕಂಡರೂ, ತನ್ನ ಕೀಲಿಮಣೆಯನ್ನು ಇತರರಿಗೆ ಒದಗಿಸುವುದು ಅದೇ ಆದುದರಿಂದ ಹೆಸರು ಅನ್ವರ್ಥವೇ ಆಗಿದೆ. ಯಾವ ತೆರೆಯ ಯಾವ ಅಂಚಿನ ಆಚೆ ಯಾವ ತೆರೆ ಇರುವುದೆಂಬುದನ್ನು ಮೊದಲೇ ಬರೆದಿಡಬೇಕು. ಅ-ಕಾರದ ಬಲಕ್ಕೆ ಆ-ಕಾರವೆಂದು ಬರೆದ ಮಾತ್ರಕ್ಕೆ ಆ-ಕಾರದ ಎಡಕ್ಕೆ ಅ-ಕಾರವೆಂದು ಯಂತ್ರವು ತಾನಾಗಿ ಊಹಿಸುವುದಿಲ್ಲ. ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಬೇರೆ ಬೇರೆಯಾಗಿ ವಿಧಿಸಬೇಕು. ವಿಧಿಸದಿದ್ದರೆ ಸೂಚಕವು ಹೋದ ಕಡೆಯಲ್ಲಿಯೇ ನಿಲ್ಲುವುದು, ಅಭಿಮನ್ಯುವಿನ ಕಥೆ.

ಸೂಚಕವು ಅಂಚನ್ನು ದಾಟಿದಾಗ ನಿಜವಾಗಿ ನಡೆಯುವುದು ಇಷ್ಟು. ಸರ್ವರ್ ತನ್ನ ಸೂಚಕವನ್ನು ಮರೆಮಾಡಿ ತೆರೆಯ ನಡುವಿಗೆ ತಂದು ನಿಲ್ಲಿಸುತ್ತದೆ. ಮೌಸನ್ನು ಸರಿಸಿದಾಗಲೆಲ್ಲ ನಡುವಿನಿಂದ ಎಷ್ಟು ದೂರ ಸರಿಯಿತೆಂದು ಅಳೆದು, ಮತ್ತೆ ನಡುವಿಗೆ ತಂದು, ಅಳತೆಯ ಫಲವನ್ನು ಜಾಲದ ಮೂಲಕ ಆಚೆಯ ಯಂತ್ರಕ್ಕೆ ಕಳುಹಿಸುತ್ತದೆ. ಆಚೆಯ ಯಂತ್ರವು ಅಷ್ಟು ದೂರ ತನ್ನ ಸೂಚಕವನ್ನು ಸರಿಸುತ್ತದೆ. ನೋಡುವವನಿಗೆ ಒಂದೇ ಸೂಚಕವು ಗಡಿ ದಾಟಿದಂತೆ ತೋರಿದರೂ ದಾಟಿದುದು ಸೂಚಕವಲ್ಲ, ಎರಡು ಸಂಖ್ಯೆಗಳು. ಈ ಸಂದೇಶಗಳು ಬಹಳ ಚಿಕ್ಕವು. ‘ಪ್ರವೇಶಿಸು’, ‘ಹೊರಡು’, ‘ಮೌಸು ಇಲ್ಲಿಗೆ ಬಂದಿತು’, ‘ಕೀಲಿ ಕೆಳಗಾಯಿತು’, ‘ಕೀಲಿ ಮೇಲಾಯಿತು’ ಎಂಬಂತಹವು. ನಾಲ್ಕು ನಾಲ್ಕು ಇಂಗ್ಲಿಷ್ ಅಕ್ಷರಗಳ ಸಂಜ್ಞೆಗಳಿಂದ ಇವುಗಳನ್ನು ಗುರುತಿಸುತ್ತಾರೆ. ಪಾಣಿನಿಯ ಸಂಜ್ಞಾಸೂತ್ರಗಳನ್ನು ಬಲ್ಲವರಿಗೆ ಈ ಲಾಘವವು ಮೆಚ್ಚಿಕೆಯಾಗದಿರದು. ಒಂದು ಕಡೆ ನಕಲುಮಾಡಿದ ಮಾತನ್ನು ಇನ್ನೊಂದು ಕಡೆ ಅಂಟಿಸಲು ಅನುಕೂಲವಾಗುವಂತೆ ಅದನ್ನೂ ಇದೇ ದಾರಿಯಲ್ಲಿ ಸಾಗಿಸುತ್ತಾರೆ.

ಕನ್ನಡಿಗರಿಗೆ ಮುಖ್ಯವಾದ ತೊಡಕು ಕೀಲಿಯ ವಿಷಯದಲ್ಲಿ ಹುಟ್ಟುತ್ತದೆ. ಕೀಲಿಯನ್ನೊತ್ತಿದಾಗ ಕಳುಹಿಸಬೇಕಾದುದು ಏನನ್ನು: ಬೆರಳು ಬಿದ್ದ ಸ್ಥಾನವನ್ನೋ, ಆ ಸ್ಥಾನದಿಂದ ಹುಟ್ಟಿದ ಅಕ್ಷರವನ್ನೋ? ಸಿನರ್ಜಿಯ ಸಂದೇಶದಲ್ಲಿ ಅಕ್ಷರದ ಗುರುತು, ಶಿಫ್ಟು ಮುಂತಾದ ಸಹಾಯಕ ಕೀಲಿಗಳ ಸ್ಥಿತಿ, ಕೀಲಿಯ ಸ್ಥಾನ ಈ ಮೂರೂ ಇರುತ್ತವೆ, ಪ್ರಾಧಾನ್ಯವು ಅಕ್ಷರಕ್ಕೆ. ಸರ್ವರಿನಲ್ಲಿ ಅಕ್ಷರವು ನಿರ್ಣಯವಾಗುವುದು. ಆಚೆಯ ಯಂತ್ರವು ‘ಈ ಅಕ್ಷರವನ್ನು ಹುಟ್ಟಿಸುವ ಕೀಲಿ ನನ್ನಲ್ಲಿ ಯಾವುದು?’ ಎಂದು ಹುಡುಕಿ ಅದನ್ನು ಒತ್ತಿದಂತೆ ನಟಿಸುವುದು. ಎರಡು ಕಡೆಯೂ ಇಂಗ್ಲಿಷ್ ವಿನ್ಯಾಸವೇ ಇದ್ದರೆ ಯಾವ ಬಾಧೆಯೂ ಇಲ್ಲ. ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ಕನ್ನಡವಿದ್ದರೆ ಆಗ ಹುಡುಕಾಟವು ವ್ಯರ್ಥವಾಗಬಹುದು.

ಇದರ ಮೂಲವು ಅಕ್ಷರದ ಕಲ್ಪನೆಯಲ್ಲಿಯೇ ಇದೆ. ‘ಒಂದು ಕೀಲಿಗೆ ಒಂದು ಅಕ್ಷರ, ಒಂದು ಅಕ್ಷರಕ್ಕೆ ಒಂದು ಸಂಖ್ಯೆ’ ಎಂಬುದು ರೋಮನ್ ಲಿಪಿಯವರಿಗೆ ಸ್ವತಸ್ಸಿದ್ಧವಾಗಿ ತೋರುವ ನಿಯಮ. ಕನ್ನಡದ ‘ಕ್ಷ’ವು ಕಣ್ಣಿಗೆ ಒಂದು ಅಕ್ಷರ, ಯೂನಿಕೋಡ್ ಸಂಕೇತದಲ್ಲಿ ಅದು ಕ-ಕಾರ, ವಿರಾಮಚಿಹ್ನೆ, ಷ-ಕಾರ ಎಂಬ ಮೂರು ಸಂಖ್ಯೆಗಳ ಸಮೂಹ. ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸದಲ್ಲಿ ‘ಕ್ಷ’, ‘ಜ್ಞ’ಗಳಿಗೆ ಒಂದೊಂದೇ ಕೀಲಿಯುಂಟು. ಅಂದರೆ ಒಂದು ಬೆರಳಿನ ಒತ್ತಿಗೆ ಮೂರು ಸಂಖ್ಯೆಗಳು ಹುಟ್ಟುತ್ತವೆ. ಒಂದು ಕೀಲಿಗೆ ಒಂದೇ ಗುರುತನ್ನು ಇಟ್ಟುಕೊಂಡ ಸಂದೇಶದಲ್ಲಿ ಇದಕ್ಕೆ ಜಾಗವೆಲ್ಲಿ? ಕೆ. ಪಿ. ರಾವ್ ಅವರ ಕ್ರಮವನ್ನು ಅನುಸರಿಸಿದ ‘ನುಡಿ’ ಮುಂತಾದ ವಿನ್ಯಾಸಗಳಲ್ಲಿ ಒತ್ತಕ್ಷರವನ್ನು ಬೇರೆ ಬೇರೆ ಕೀಲಿಗಳಿಂದ ಕೂಡಿಸಿಕೊಳ್ಳುವುದರಿಂದ ತೊಡಕು ಕಡಿಮೆ. ಸರ್ವರಿನಲ್ಲಿ ಇಂಗ್ಲಿಷ್ ವಿನ್ಯಾಸವನ್ನೇ ಇಟ್ಟುಕೊಂಡು, ಇಂಗ್ಲಿಷ್ ಕೀಲಿಯನ್ನು ಕನ್ನಡವಾಗಿ ಮಾರ್ಪಡಿಸುವ ಕೆಲಸವನ್ನು ಆಚೆಯ ಯಂತ್ರದ ಲಿಪ್ಯಂತರಸಾಧನಕ್ಕೆ ಬಿಡುವುದು ಇನ್ನೂ ಸುಗಮ. ಇಲ್ಲಿ ಸ್ಥಾನವು ಸಾಗಿ, ಅಕ್ಷರವು ತಲುಪಿದ ಕಡೆಯಲ್ಲಿ ಹುಟ್ಟಿದಂತಾಯಿತು. ಶಿಕ್ಷಾಶಾಸ್ತ್ರದಲ್ಲಿ ಸ್ಥಾನಕರಣಗಳನ್ನು ವರ್ಣದಿಂದ ಬೇರ್ಪಡಿಸಿ ಹೇಳಿದ ಪೂರ್ವಿಕರಿಗೆ ಈ ವಿವೇಕವು ಹೊಸದಾಗಿರಲಿಲ್ಲ. ಯಂತ್ರಕಾರರು ಅದನ್ನು ಅನುಭವದಿಂದ ಕಲಿಯಬೇಕಾಯಿತು.

ಪಾಠಪರಂಪರೆಯ ಮುಂದಿನ ಕಥೆ. ೨೦೦೬ನೆಯ ಇಸವಿಯಲ್ಲಿ ೧.೩.೧ ಎಂಬ ಪರಿಷ್ಕರಣವನ್ನು ಹೊರಡಿಸಿದ ಮೇಲೆ ಮೂಲದ ಕೆಲಸವು ನಿಂತಿತು. ಸುತ್ತಣ ವ್ಯವಸ್ಥೆಗಳು ಮಾತ್ರ ನಿಲ್ಲಲಿಲ್ಲ. ವಿಂಡೋಸಿನ ಹೊಸ ರೂಪಗಳು ಬಂದುವು, ಹಳೆಯ ಬರೆಹವು ಅಲ್ಲಲ್ಲಿ ಮುರಿಯತೊಡಗಿತು. ೨೦೦೯ರಲ್ಲಿ ಸೋರಿನ್ ಸ್ಬರ್ನೆಯ, ನಿಕ್ ಬೋಲ್ಟನ್ ಎಂಬವರು ಮೂಲವನ್ನು ತೆಗೆದುಕೊಂಡು ‘ಸಿನರ್ಜಿ ಪ್ಲಸ್’ ಎಂಬ ಶಾಖೆಯನ್ನು ನಡೆಯಿಸಿದರು. ೨೦೧೦ರಲ್ಲಿ ಅದು ಮೂಲದ ಹೆಸರಿಗೇ ಮರಳಿ ಸೇರಿತು. ಬಳಿಕ ಬೋಲ್ಟನ್ ಸ್ಥಾಪಿಸಿದ, ಮುಂದೆ ‘ಸಿಮ್‌ಲೆಸ್’ ಎಂದು ಹೆಸರಾದ ಕಂಪನಿಯವರು ಅದನ್ನು ಕ್ರಯಕ್ಕೆ ಮಾರುತ್ತ ಬಂದರು. ಮಾರುವುದನ್ನು ಪರವಾನಗಿಯು ನಿಷೇಧಿಸುವುದಿಲ್ಲ. ದುಡಿದವರಿಗೆ ಜೀವನವೂ ಬೇಕಷ್ಟೆ. ಆದರೆ ಕೃತಿಯು ತನ್ನ ಮೊದಲಿನ ಸರಳವಾದ ಉದ್ದೇಶವನ್ನು ಮೀರಿ ಬೇರೆ ಕಡೆಗೆ ಸಾಗಿತೆಂದು ಭಾವಿಸಿದ ಕೆಲವರು ೨೦೧೮ರಲ್ಲಿ ಸಿನರ್ಜಿ ೧.೯ರ ಮೂಲದಿಂದ ಬ್ಯಾರಿಯರ್ ಶಾಖೆಯನ್ನು ತೆಗೆದರು. ಅದನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಕೆಲವರು ೨೦೨೧ರಲ್ಲಿ ಮತ್ತೆ ಬೇರೆಯಾಗಿ ‘ಇನ್‌ಪುಟ್ ಲೀಪ್’ ಎಂಬುದನ್ನು ಆರಂಭಿಸಿದರು. ಬ್ಯಾರಿಯರಿನ ಕೆಲಸವು ಕ್ರಮೇಣ ನಿಂತಿತು. ೨೦೨೪ರಲ್ಲಿ ಸಿನರ್ಜಿಯ ತೆರೆದ ಮೂಲವೇ ‘ಡೆಸ್ಕ್‌ಫ್ಲೋ’ ಎಂಬ ಹೊಸ ಹೆಸರಿನಿಂದ ಸಮುದಾಯದ ಕೃತಿಯಾಗಿ ನಿಂತಿತು.

ಇಷ್ಟು ಸಲ ನಡೆಯಿಸುವವರು ಬದಲಾದರೂ, ನಡುವೆ ಮೂರು ವರ್ಷ ಮೂಕವಾದರೂ, ಕೃತಿಯು ಕಾಸ್ಮೊಸಿನರ್ಜಿಯಂತೆ ಅಳಿಯಲಿಲ್ಲ. ಒಬ್ಬನು ಕೈಬಿಟ್ಟರೆ ಇನ್ನೊಬ್ಬನು ಎತ್ತಿಕೊಳ್ಳುವುದಕ್ಕೆ ಪ್ರತಿಯು ಹೊರಗೆ ಇದ್ದಿತು. ಗುಣವೂ ಜನಪ್ರಿಯತೆಯೂ ಕೃತಿಯನ್ನು ಉಳಿಸುತ್ತವೆಂಬ ಮಾತು ಇಲ್ಲಿ ಪೂರ್ಣವಾಗಿ ಸತ್ಯವಲ್ಲ. ಅವೆರಡೂ ಕಾಸ್ಮೊಸಿನರ್ಜಿಗೂ ಇದ್ದುವು.

ದೊಡ್ಡ ಸಂಸ್ಥೆಗಳವರು ಈ ಕ್ಷೇತ್ರಕ್ಕೆ ಬಂದುದು ತಡವಾಗಿ. ೨೦೧೧ರಲ್ಲಿ ಮೈಕ್ರೋಸಾಫ್ಟಿನ ನೌಕರರಾದ ಟ್ರುವಾಂಗ್ ಡೋ ಬಿಡುವಿನ ವೇಳೆಯಲ್ಲಿ ಬರೆದ ‘ಮೌಸ್ ವಿದೌಟ್ ಬಾರ್ಡರ್ಸ್’ ಹೊರಬಂದಿತು. ನಾಲ್ಕು ಯಂತ್ರಗಳವರೆಗೆ ಅದರ ಅಧಿಕಾರ. ಇದರ ಜನ್ಮವೃತ್ತಾಂತವು ಕಾಸ್ಮೊಸಿನರ್ಜಿಯದನ್ನು ಬಹುವಾಗಿ ಹೋಲುತ್ತದೆ. ಆದರೆ ಈ ಮನೆಯವರು ಅದನ್ನು ಬಚ್ಚಿಡದೆ ಹಂಚಿದರು, ೨೦೨೩ರಲ್ಲಿ ಮೂಲವನ್ನೂ ತೆರೆದರು. ೨೦೧೭ರಲ್ಲಿ ಲಾಜಿಟೆಕ್ ಕಂಪನಿಯವರು ತಮ್ಮ ಮೌಸುಗಳಿಗೆ ‘ಫ್ಲೋ’ ಎಂಬುದನ್ನು ಸೇರಿಸಿದರು. ಆಪಲಿನವರ ಏರ್ಪಾಡು ತನ್ನ ಮನೆಯ ಯಂತ್ರಗಳಿಗೆ ಮಾತ್ರ, ಅದೂ ಒಬ್ಬನೇ ಒಡೆಯನ ಹೆಸರಿನಲ್ಲಿರುವ ಮೂರು ಯಂತ್ರಗಳವರೆಗೆ ಸಲ್ಲುವುದು. ಮುನ್ನಡೆಯ ಅಂದ ಅದರಲ್ಲಿ ಹೆಚ್ಚು, ವಿನ್ಯಾಸವನ್ನು ಬರೆದಿಡುವ ಶ್ರಮವೂ ಇಲ್ಲ; ಆದರೆ ಭಿನ್ನಜಾತಿಯ ಯಂತ್ರಗಳನ್ನು ಕೂಡಿಸುವುದೇ ಆದಿಕರ್ತೃಗಳ ಸಂಕಲ್ಪವಾಗಿದ್ದುದನ್ನು ನೆನೆದರೆ ಇದು ಒಂದು ಹೆಜ್ಜೆ ಹಿಂದೆಯೇ ಸ್ಥಿತವಾಗಿದೆಯೆನ್ನಬೇಕು.

ಕೊನೆಯದಾಗಿ ವಿಶ್ವಾಸದ ಪ್ರಶ್ನೆ. ಒಬ್ಬನ ಕೈ ಇನ್ನೊಂದು ಯಂತ್ರದಲ್ಲಿ ಕೆಲಸಮಾಡುವುದೆಂದರೆ ಪರಕಾಯಪ್ರವೇಶವಲ್ಲವೆ? ಒಡೆಯನೇ ಪ್ರವೇಶಿಸಿದರೆ ಅದು ಅನುಕೂಲ. ಬೇರೊಬ್ಬನು ಪ್ರವೇಶಿಸಿದರೆ ಅನರ್ಥ. ಯಂತ್ರಕ್ಕೆ ಈ ಎರಡೂ ಒಂದೇ ಆಗಿ ಕಾಣುತ್ತವೆ. ಆರಂಭದ ಸಿನರ್ಜಿಯಲ್ಲಿ ಸಂದೇಶಗಳು ಬಯಲಾಗಿಯೇ ಸಾಗುತ್ತಿದ್ದುವು. ಗುಪ್ತಪದವನ್ನು ಟೈಪು ಮಾಡಿದರೆ ಅದೂ ಬಯಲಿನಲ್ಲಿಯೇ. ರಕ್ಷಣೆ ಬೇಕಾದವರು ‘ಎಸ್‌ಎಸ್‌ಎಚ್’ ಎಂಬ ಗೂಢಮಾರ್ಗದಲ್ಲಿ ಕಳುಹಿಸಿಕೊಳ್ಳಬೇಕೆಂದು ಅದರ ಕೈಪಿಡಿಯಲ್ಲಿಯೇ ಹೇಳಿದ್ದಿತು. ಮುಂದೆ ಸಂದೇಶಕ್ಕೆ ಮುಸುಕು ಬಂದಿತು. ಆದರೂ ಬಂದಿರುವ ಕ್ಲೈಂಟು ಯಾರೆಂಬುದನ್ನು ಬ್ಯಾರಿಯರ್ ಸರಿಯಾಗಿ ವಿಚಾರಿಸದಿದ್ದುದನ್ನು ೨೦೨೧ರಲ್ಲಿ ಸೂಸೆ ಸಂಸ್ಥೆಯ ಪರೀಕ್ಷಕರು ತೋರಿಸಿಕೊಟ್ಟರು. ಅದೇ ವರ್ಷದ ೨.೪.೦ ಪರಿಷ್ಕರಣದಲ್ಲಿ ಅದನ್ನು ಸರಿಪಡಿಸಿದರು. ಮೂಲವು ತೆರೆದಿದ್ದುದರಿಂದಲೇ ಅನ್ಯರು ಅದನ್ನೋದಿ ದೋಷವನ್ನು ಹಿಡಿಯಲು ಸಾಧ್ಯವಾಯಿತೆಂಬುದೂ ಇಲ್ಲಿ ಗಮನಾರ್ಹ.

ಇದಕ್ಕಿಂತ ದೊಡ್ಡ ಅಡ್ಡಿ ಬೇರೆ ದಿಕ್ಕಿನಿಂದ ಬಂದಿತು. ಎಕ್ಸ್ ವ್ಯವಸ್ಥೆಯಲ್ಲಿ ತೆರೆಯನ್ನು ಸೇರಿದ ಯಾವ ಕಾರ್ಯಕ್ರಮವಾದರೂ ಎಲ್ಲ ಕೀಲಿಗಳನ್ನೂ ಕದ್ದು ಕೇಳಬಹುದಾಗಿತ್ತು. ೨೦೦೮ರಲ್ಲಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ ಆರಂಭಿಸಿದ ‘ವೇಲ್ಯಾಂಡ್’ ಎಂಬ ಹೊಸ ವ್ಯವಸ್ಥೆಯು ಆ ಬಾಗಿಲನ್ನು ಮುಚ್ಚಿತು. ಒಂದು ಕಾರ್ಯಕ್ರಮದ ಕೀಲಿ ಇನ್ನೊಂದಕ್ಕೆ ಕೇಳಿಸದು. ಕಳ್ಳನಿಗೆ ಹಾಕಿದ ಅಗುಳಿ ನೆಂಟನಿಗೂ ತಡೆಯಾಯಿತು. ಸಿನರ್ಜಿಯ ವಂಶದ ತಂತ್ರಾಂಶಗಳೆಲ್ಲ ವೇಲ್ಯಾಂಡಿನಲ್ಲಿ ಕೆಲಸಕ್ಕೆ ಬಾರದಾದುವು. ಪೀಟರ್ ಹುಟೆರರ್ ಎಂಬವರು ‘ಲಿಬ್‌ಇಐ’ ಎಂಬ ಮಧ್ಯವರ್ತಿಯನ್ನು ರಚಿಸಿ ೨೦೨೩ರಲ್ಲಿ ಅದರ ಮೊದಲನೆಯ ಪೂರ್ಣರೂಪವನ್ನು ಕೊಟ್ಟ ಮೇಲೆ, ಬಳಸುವವನ ಅನುಮತಿಯನ್ನು ಬೇಡಿ ಒಳಗೆ ಬರುವ ಕ್ರಮವೊಂದು ಏರ್ಪಟ್ಟಿತು. ಇನ್‌ಪುಟ್ ಲೀಪಿನಲ್ಲಿಯೂ ಡೆಸ್ಕ್‌ಫ್ಲೋದಲ್ಲಿಯೂ ಇದನ್ನು ಅಳವಡಿಸಿರುತ್ತಾರೆ.

ಶಾಖೆಗಳ ಸಂಬಂಧವನ್ನು ತೋರಿಸುವ ಒಂದು ಚಿಕ್ಕ ಸಾಕ್ಷ್ಯವು ಉಳಿದಿದೆ. ಎರಡು ಯಂತ್ರಗಳು ಕೂಡಿದಾಗ ಮೊದಲು ಒಂದು ಅಭಿವಾದನಪದವನ್ನು ನುಡಿಯುತ್ತವೆ. ಸಿನರ್ಜಿಯಲ್ಲಿ ಆ ಪದವು ‘ಸಿನರ್ಜಿ’ ಎಂಬುದೇ ಆಗಿತ್ತು. ಬ್ಯಾರಿಯರಿನವರು ಅದನ್ನು ‘ಬ್ಯಾರಿಯರ್’ ಎಂದು ತಿದ್ದಿದರು. ಇಂಗ್ಲಿಷ್ ಕಾಗುಣಿತದಲ್ಲಿ ಎರಡಕ್ಕೂ ಏಳೇ ಅಕ್ಷರಗಳು; ಛಂದಸ್ಸು ಕೆಡದಂತೆ ಪಾಠಾಂತರ ಮಾಡಿದ ಪ್ರತಿಕಾರನ ನೆನಪಾಗುವುದು. ಉಳಿದ ಮಾತು ಬಹುಮಟ್ಟಿಗೆ ಒಂದೇ ಆದರೂ ಈ ಏಳು ಅಕ್ಷರಗಳ ದೆಸೆಯಿಂದ ಒಂದು ಶಾಖೆಯ ಯಂತ್ರವು ಇನ್ನೊಂದು ಶಾಖೆಯ ಯಂತ್ರವನ್ನು ಒಳಗೆ ಸೇರಿಸುತ್ತಿರಲಿಲ್ಲ. ಡೆಸ್ಕ್‌ಫ್ಲೋದಲ್ಲಿ ಯಾವ ಪದವನ್ನು ನುಡಿಯಬೇಕೆಂಬುದನ್ನು ಬಳಸುವವನ ಇಚ್ಛೆಗೇ ಬಿಟ್ಟಿರುತ್ತಾರೆ.